ಆನೆ ನಡೆದರೆ ಒಂದು ಬಕೆಟ್ ಬಿಸಿನೀರು

ಮೊದಲೇ ಒಪ್ಪಿಕೊಂಡುಬಿಡ್ತೀನಿ. ಈ ಬರಹದಲ್ಲಿ ನಾನು ಬೈಯಲು ಹೊರಟಿರುವ ಐಡಿಯಾಗೆ ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಕೊಟ್ಟವನು ನಾನೇ.

ನಮ್ಮ ಆಫೀಸಿನಲ್ಲಿ ವರ್ಷಕ್ಕೊಂದು ಸಲ ‘ಇನ್ನೋವೇಶನ್ ವೀಕ್’ ನಡೆಯತ್ತೆ. ನಿಮ್ಮಲ್ಲೂ ನಡೆಯತ್ತೆ, ಹೆಸರು ಬೇರೆ ಇರಬಹುದು. ಒಂದೊಂದು ಟೀಮಿಗೆ ಹನ್ನೆರಡು ಸ್ಲೈಡು, ಎಂಟು ನಿಮಿಷ, ಕೊನೆಗೆ ಸಮೋಸ. ಗೆದ್ದವರಿಗೆ ಮೂರು ತಿಂಗಳು ಮಾಮೂಲಿ ಕೆಲಸದಿಂದ ಬಿಡುವು, ಒಂದಿಷ್ಟು ದುಡ್ಡು. ಈ ಸಲದ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ.

ಗೆದ್ದ ಟೀಮಿನ ವಿಷಯ: ಕಾಡುಪ್ರಾಣಿಗಳ ಸಹಜ ಚಲನೆಯಿಂದ ವಿದ್ಯುತ್. ನಾಲ್ಕನೇ ಸ್ಲೈಡಿನಲ್ಲಿ ಆನೆಗಳ ಒಂದು ಸಾಲು ಕಾಡುದಾರಿಯಲ್ಲಿ ನಡೆದು ಬರ್ತಿದೆ. ಪ್ರತಿ ಹೆಜ್ಜೆಯ ಕೆಳಗೆ ಒಂದು ಟೈಲು, ಟೈಲಿನಿಂದ ನೀಲಿ ಬೆಳಕು. ದೂರದಲ್ಲಿ ಒಂದು ಹಳ್ಳಿ, ಮನೆಮನೆಯಲ್ಲೂ ದೀಪ. ಏಳನೇ ಸ್ಲೈಡಿನಲ್ಲಿ ಜಿಂಕೆಯ ಕಾಲಿಗೆ ಗೆಜ್ಜೆಯಂಥದ್ದೊಂದು ಜನರೇಟರು. ಹನ್ನೊಂದನೇ ಸ್ಲೈಡಿನಲ್ಲಿ ‘ಮೊದಲ ಪ್ರಯೋಗ: ಪುಟ್ಟೇನಹಳ್ಳಿ ಕೆರೆ’. ನೀರಿನ ಮೇಲೆ ತೇಲುವ ಹಲಗೆಗಳು. ಹಕ್ಕಿ ಬಂದು ಕೂತರೆ, ಎದ್ದು ಹಾರಿದರೆ, ಹಲಗೆ ಅದುಮಿ ಕರೆಂಟು. ಅದರಿಂದ ಕೆರೆ ದಂಡೆಯ ವಾಕಿಂಗ್ ದಾರಿಗೆ ದೀಪ.

‘ಪ್ರಾಣಿಗಳು ದಿನವಿಡೀ ಸುಮ್ನೆ ಓಡಾಡ್ತಾನೇ ಇರ್ತವೆ. ಅಷ್ಟೂ ಎನರ್ಜಿ ವೇಸ್ಟ್ ಆಗ್ತಿದೆ’ ಅಂದ ಟೀಮ್ ಲೀಡ್. ಇಪ್ಪತ್ತನಾಲ್ಕು ವರ್ಷದ ಹುಡುಗ, ಮಾತಾಡುವಾಗ ಕಣ್ಣು ಹೊಳೀತಿತ್ತು. ಸಭೆ ಚಪ್ಪಾಳೆ ಹೊಡೀತು. ನಾನೂ ಹೊಡೆದೆ. ಕಳೆದ ಒಂದು ಮಾರ್ಕು, ನಿಜ ಹೇಳ್ತೀನಿ, ಫಾಂಟ್ ಚೆನ್ನಾಗಿಲ್ಲ ಅಂತ.

ನನ್ನ ತಕರಾರು ಶುರುವಾದದ್ದು ಮಾರನೇ ದಿನ ಬೆಳಿಗ್ಗೆ, ಕೆರೆ ದಂಡೆಯಲ್ಲಿ. ನಾನಿರೋದು ಪುಟ್ಟೇನಹಳ್ಳಿಯಲ್ಲೇ. ಯಾವ ಪುಟ್ಟೇನಹಳ್ಳಿ ಅಂತ ಹೇಳಬೇಕು, ಯಾಕಂದ್ರೆ ಬೆಂಗಳೂರಲ್ಲಿ ಎರಡಿವೆ, ಎರಡರಲ್ಲೂ ಕೆರೆ ಇದೆ. ಒಂದು ಯಲಹಂಕದ್ದು. ಅದು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಅಂತ ಘೋಷಣೆಯಾದ ಕೆರೆ. ನಮ್ಮದು ಜೆ.ಪಿ. ನಗರ 7ನೇ ಹಂತದ್ದು. ಕ್ಯಾಬ್‌ನವರು ಗೊಂದಲ ಮಾಡ್ಕೊಳ್ಳೋದು ಮಾಮೂಲಿ. ಆ ಸ್ಲೈಡಿನಲ್ಲಿ ಹಾಕಿದ್ದ ಮ್ಯಾಪು ಕೂಡ ಯಲಹಂಕದ್ದು ಅನ್ನೋದು ನನಗೆ ಗೊತ್ತಾಗಿದ್ದು ರಾತ್ರಿ ಮನೆಗೆ ಬಂದಮೇಲೆ. ಒಂಬತ್ತು ಮಾರ್ಕ್ಸು!

ನಮ್ಮ ಕೆರೆ ದೊಡ್ಡದೇನಲ್ಲ, 13 ಎಕರೆ ಚಿಲ್ಲರೆ. ಬತ್ತಿ, ಕಸ ಸುರಿಯುವ ಜಾಗವಾಗಿ ಹೋಗಿದ್ದ ಇದನ್ನ ಸುತ್ತಲಿನ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡು, 2011ರಲ್ಲಿ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ಉಳಿಸಿಕೊಂಡರು. ಪಕ್ಕದ ಅಪಾರ್ಟ್‌ಮೆಂಟಿನ ಕೊಳಚೆನೀರು ಸಂಸ್ಕರಣೆಯಾಗಿ ಕೆರೆಗೆ ಬರುವ ವ್ಯವಸ್ಥೆಯೂ ಆಮೇಲೆ ಆಯ್ತು. ನೀರು ನಿಂತಿತು, ಹಕ್ಕಿ ಬಂದವು. ನೀರುಕಾಗೆ, ನೇರಳೆ ಜಂಬುಕೋಳಿ, ವರಟೆ ಬಾತು, ಕೆಲವು ದಿನ ಹೆಜ್ಜಾರ್ಲೆ. ಬೆಳಿಗ್ಗೆ ಆರೂವರೆಗೆ ಹೋದರೆ ದಂಡೆ ಮೇಲೆ ನಮ್ಮಂಥವರು ಇಯರ್‌ಫೋನ್ ಹಾಕ್ಕೊಂಡು ಸುತ್ತು ಹೊಡೀತಿರ್ತೀವಿ. ಅದನ್ನ ವೇಸ್ಟ್ ಅನ್ನಬೇಕಾದರೆ ನಮ್ಮದನ್ನ ಅನ್ನಬೇಕು. ತಿಂದದ್ದು ಕರಗಿಸೋದಕ್ಕೆ ನಡೆಯುವ ಪ್ರಾಣಿ ಆ ಜಾಗದಲ್ಲಿ ನಾವು ಮಾತ್ರ.

ಹಕ್ಕಿಗಳು ಹಾಗಲ್ಲ. ಅವತ್ತು ಹದಿನೈದು ನಿಮಿಷ ಸುಮ್ಮನೆ ನಿಂತು ನೋಡಿದೆ. ಗುಳುಮುಳುಕ ಹತ್ತಿರ ಯಾರಾದ್ರೂ ಬಂದರೆ ಹಾರಲ್ಲ, ಮುಳುಗತ್ತೆ. ಹಾರೋದಕ್ಕಿಂತ ಅದಕ್ಕೆ ಅಗ್ಗ. ನಾಮದ ಕೋಳಿ ಹಾರಲೇಬೇಕಾಗಿ ಬಂದರೆ ನೀರಿನ ಮೇಲೆ ಪಟಪಟ ಅಂತ ಓಡಿ, ಒದ್ದಾಡಿ, ಏಳತ್ತೆ. ನೋಡಿದರೇ ಸುಸ್ತಾಗತ್ತೆ. ಆದ್ದರಿಂದಲೇ ಅದು ದಿನದ ಬಹುಪಾಲು ಈಜುತ್ತಾ ಇರತ್ತೆ. ನೀರುಕಾಗೆ ಮೀನು ಹಿಡಿದಮೇಲೆ ರೆಕ್ಕೆ ಬಿಚ್ಚಿ ಬಿಸಿಲಿಗೆ ನಿಲ್ಲತ್ತೆ. ಹದ್ದುಗಳಂತೂ ಬಿಸಿಲೇರುವ ತನಕ ಮರದ ಮೇಲೆ ಕೂತಿರ್ತವೆ. ಅಪಾರ್ಟ್‌ಮೆಂಟಿನ ಟೆರೇಸುಗಳು ಕಾದು, ಬಿಸಿಗಾಳಿ ಮೇಲೇಳೋಕೆ ಶುರುವಾದಮೇಲೆ ಅದರ ಮೇಲೆ ಹತ್ತಿ, ರೆಕ್ಕೆ ಬಡಿಯದೇ ಸುತ್ತು ಹೊಡೀತವೆ. ಅಲ್ಲಿ ಯಾರೂ ‘ಸುಮ್ನೆ ಓಡಾಡ್ತಾ’ ಇರಲಿಲ್ಲ.

ದಂಡೆಯ ಮೇಲೇ ಕೂತು ಫೋನಿನಲ್ಲಿ ಲೆಕ್ಕ ಹಾಕಿದೆ. ಹೈಸ್ಕೂಲಿನ ಫಿಸಿಕ್ಸು ಸಾಕು. ವರಟೆ ಬಾತು ಒಂದು ಕಿಲೋ ತೂಗತ್ತೆ ಅಂತ ಇಟ್ಕೊಳ್ಳಿ. ಅದು ನೀರಿನಿಂದ 10 ಮೀಟರು ಮೇಲೇರೋಕೆ ಬೇಕಾದ ಶಕ್ತಿ ಸುಮಾರು 100 ಜೂಲ್. ನನ್ನ ಫೋನಿನ ಬ್ಯಾಟರಿ 15 ವ್ಯಾಟ್-ಅವರ್, ಅಂದ್ರೆ 54,000 ಜೂಲ್. ಏರುವಾಗಿನ ಶ್ರಮ ಪೂರ್ತಿಯಾಗಿ, ಒಂದು ಚೂರೂ ಸೋರದೆ ನಮ್ಮ ಹಲಗೆಗೆ ಸಿಕ್ಕಿತು ಅಂದ್ಕೊಂಡರೂ, ಒಂದು ಫೋನ್ ಚಾರ್ಜ್ ಮಾಡೋಕೆ ಬಾತು 540 ಸಲ ಹಾರಬೇಕು. ಹಲಗೆಗೆ ಸಿಗೋದು ಕಾಲಿನ ಒಂದು ಒದೆತ ಮಾತ್ರ. ಅದೂ ಹಲಗೆ ಕುಸಿಯುವಂಥದ್ದಾದರೆ ಹಕ್ಕಿಗೆ ಏಳೋಕೆ ಇನ್ನಷ್ಟು ಕಷ್ಟ. ಹಾಸಿಗೆ ಮೇಲೆ ನಿಂತು ನೆಗೆದು ನೋಡಿ, ಗೊತ್ತಾಗತ್ತೆ. ವಾಕಿಂಗ್ ದಾರಿಯ ದೀಪ ಉರಿಸಬೇಕು ಅಂದ್ರೆ ಯಾರಾದ್ರೂ ಕೋಲು ಹಿಡಿದು ರಾತ್ರಿಯಿಡೀ ಹಕ್ಕಿ ಓಡಿಸ್ತಾ ಇರಬೇಕು.

ಬಾತು ಚಿಕ್ಕದು, ಆನೆ ದೊಡ್ಡದಲ್ವಾ ಅಂತ ಅನ್ನಿಸಬಹುದು. ನನಗೂ ಅನ್ನಿಸ್ತು. ಅದನ್ನೂ ಮಾಡಿದೆ, ಉದಾರವಾಗಿಯೇ.

ನಾಲ್ಕು ಟನ್ನಿನ ಆನೆ. ಒಂದು ಹೆಜ್ಜೆಯ ಮೇಲೆ 1,500 ಕಿಲೋ ಭಾರ. ಆ ಭಾರಕ್ಕೆ ಟೈಲು 5 ಮಿಲಿಮೀಟರು ಕುಸಿಯತ್ತೆ. ಒಂದು ಹೆಜ್ಜೆಗೆ ಸಿಗೋದು 73 ಜೂಲ್ ಹತ್ತಿರ. ಆನೆ ದಿನಕ್ಕೆ 10 ಕಿಲೋಮೀಟರ್ ನಡೆಯತ್ತೆ, ಒಂದೊಂದು ಕಾಲೂ ಎರಡೆರಡು ಮೀಟರಿಗೊಮ್ಮೆ ನೆಲ ಮುಟ್ಟತ್ತೆ ಅಂದ್ರೆ ನಾಲ್ಕು ಕಾಲೂ ಸೇರಿ 20,000 ಹೆಜ್ಜೆ. ಗುಣಿಸಿದರೆ ಸುಮಾರು 15 ಲಕ್ಷ ಜೂಲ್. ಕೇಳೋಕೆ ದೊಡ್ಡದು. ಬೆಸ್ಕಾಂ ಬಿಲ್ಲಿನ ಭಾಷೆಗೆ ತಂದರೆ 0.4 ಯುನಿಟ್. ಹಬ್ಬದ ದಿನದ ಎಣ್ಣೆಸ್ನಾನಕ್ಕಲ್ಲ, ಮಾಮೂಲಿ ಸ್ನಾನಕ್ಕೆ ಒಂದು ಬಕೆಟ್ ನೀರನ್ನ 25 ಡಿಗ್ರಿ ಬಿಸಿ ಮಾಡಬಹುದು. ಅಷ್ಟೇ.

ಇದಕ್ಕೆ ಆ 10 ಕಿಲೋಮೀಟರೂ ಟೈಲು ಹಾಸಿರಬೇಕು. ಎರಡು ಮೀಟರ್ ಅಗಲ ಅಂದ್ರೂ 20,000 ಚದರ ಮೀಟರು. ಮತ್ತೆ ಆನೆ ದಿನಾ ಅದೇ ದಾರಿಯಲ್ಲಿ, ಅದೇ ಟೈಲಿನ ಮೇಲೆ ನಡೀಬೇಕು. ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ದಾಟೋದನ್ನ ಕಲಿತಿರುವ ಪ್ರಾಣಿ, ಕಾಲ ಕೆಳಗೆ ನೆಲ ಅಲ್ಲಾಡಿದರೆ ಎರಡನೇ ದಿನ ಅಲ್ಲಿ ಕಾಲಿಡತ್ತಾ? ನಮ್ಮ ಟೆರೇಸಿನಲ್ಲಿ ನೂರು ಚದರ ಅಡಿ ಜಾಗದಲ್ಲಿ ಕೂರುವ ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ಲು ಬೆಂಗಳೂರಿನ ಬಿಸಿಲಿಗೆ ದಿನಕ್ಕೆ ನಾಲ್ಕು ಯುನಿಟ್ ಹತ್ತಿರ ಕೊಡತ್ತೆ. ಹತ್ತು ಆನೆಗೆ ಸಮ. ಲದ್ದಿಯೂ ಇಲ್ಲ.

ಲೆಕ್ಕದಲ್ಲಿ ಸೋತಿತು ಅಂತ ಇಲ್ಲಿಗೇ ಬಿಟ್ಟುಬಿಡಬಹುದಿತ್ತು. ಆದರೆ ಎಷ್ಟೋ ಒಳ್ಳೆಯ ಐಡಿಯಾಗಳು ಶುರುವಿನಲ್ಲಿ ಲೆಕ್ಕಕ್ಕೆ ಸಿಗೋದಿಲ್ಲ. ಟೈಲು ಸುಧಾರಿಸಬಹುದು, ಆನೆಗಳು ಜಾಸ್ತಿ ಇರಬಹುದು. ನನ್ನ ಜಗಳ ಇರೋದು ಆ ಡೆಕ್ಕಿನ ಎರಡು ಪದಗಳ ಜೊತೆ: ‘ಸಹಜ’ ಮತ್ತು ‘ವೇಸ್ಟ್’.

ಚಿಕ್ಕವನಿದ್ದಾಗ ಅಪ್ಪನ ಅಟ್ಲಾಸ್ ಸೈಕಲ್ಲಿಗೆ ಡೈನಮೋ ಇತ್ತು. ಸೀಸೆಯ ಆಕಾರದ್ದು, ಹಿಂದಿನ ಚಕ್ರಕ್ಕೆ ತಾಗಿಕೊಂಡು ತಿರುಗೋದು. ಸಂಜೆ ಕತ್ತಲಾದಮೇಲೆ ಅದನ್ನ ಟೈರಿಗೆ ಒತ್ತಿದರೆ ಮುಂದಿನ ದೀಪ ಹತ್ತೋದು, ಅದೇ ಕ್ಷಣಕ್ಕೆ ಪೆಡಲ್ ಭಾರವಾಗೋದು. ಏರು ಬಂದರೆ ಅಪ್ಪ ದೀಪ ಬೇಡ ಅಂತ ಡೈನಮೋ ಹಿಂದಕ್ಕೆ ಎಳೆದುಬಿಡ್ತಿದ್ದರು, ಕತ್ತಲಲ್ಲೇ ತುಳೀತಿದ್ದರು. ಬೆಳಕು ಎಲ್ಲಿಂದ ಬರತ್ತೆ ಅನ್ನೋದು ಅವರ ಮೊಣಕಾಲಿಗೆ ಗೊತ್ತಿತ್ತು.

ಎಲ್ಲ ಜನರೇಟರಿನ ಕಥೆಯೂ ಇದೇ. ಭಾರ ಹಾಕದಿದ್ದರೆ ಸುಮ್ಮನೆ ತಿರುಗತ್ತೆ, ಏನೂ ಕೊಡಲ್ಲ. ಕೊಡಬೇಕಾದರೆ ತಿರುಗಿಸುವವನಿಗೆ ಎದುರು ನಿಲ್ಲಬೇಕು. ಆನೆಯ ನಡಿಗೆ ಸಹಜವಾಗೇ ಉಳಿಯುವಷ್ಟು ಮೆಲ್ಲಗೆ ಹಿಡಿದರೆ ಸಿಗೋದು ಇಲ್ಲ ಅನ್ನುವಷ್ಟು ಕಡಿಮೆ. ಲೆಕ್ಕಕ್ಕೆ ಬರುವಷ್ಟು ಸಿಗಬೇಕಾದರೆ ಆ ನಡಿಗೆ ಸಹಜವಾಗಿ ಉಳಿಯಲ್ಲ, ಅದು ನೊಗ. ‘ಸಹಜ ಚಲನೆಯಿಂದ ವಿದ್ಯುತ್’ ಅನ್ನುವ ಮಾತು ಈ ಎರಡರ ನಡುವೆ ಕಣ್ಣುಕಟ್ಟು ಮಾಡತ್ತೆ. ಚಿತ್ರದಲ್ಲಿ ಆನೆ ಆರಾಮಾಗಿ ನಡೀತಿದೆ, ಹಳ್ಳಿಗೆ ಹಳ್ಳಿಯೇ ಬೆಳಗ್ತಿದೆ. ಎರಡೂ ಒಟ್ಟಿಗೆ ಸಾಧ್ಯವಿಲ್ಲ.

‘ವೇಸ್ಟ್’ ಇನ್ನೂ ಕೆಟ್ಟ ಪದ. ಕಾಡಿನಲ್ಲಿ ಚಲನೆಗೆ ಸಬ್ಸಿಡಿ ಇಲ್ಲ. ಆನೆ ದಿನಕ್ಕೆ 150 ಕಿಲೋ ಆಸುಪಾಸು ಸೊಪ್ಪು, ಹುಲ್ಲು, ತೊಗಟೆ ತಿನ್ನತ್ತೆ. ದಿನದ ಹೆಚ್ಚುಪಾಲು ಹೊತ್ತು ಅದಕ್ಕೆ ತಿನ್ನೋದೇ ಕೆಲಸ. ಹಾಗೆ ಸಂಪಾದಿಸಿದ್ದನ್ನ ಎಷ್ಟು ಜಿಪುಣತನದಿಂದ ಖರ್ಚು ಮಾಡತ್ತೆ ಅಂದ್ರೆ, 1995ರಲ್ಲಿ ಆಫ್ರಿಕಾದ ಆನೆಗಳ ನಡಿಗೆಯನ್ನ ಅಳೆದ ಸಂಶೋಧಕರಿಗೆ, ಒಂದು ಕಿಲೋ ತೂಕವನ್ನ ಒಂದು ಮೀಟರು ಸಾಗಿಸುವ ಖರ್ಚು ಅಲ್ಲಿಯ ತನಕ ಅಳೆದಿದ್ದ ನೆಲದ ಪ್ರಾಣಿಗಳಲ್ಲೇ ಅತಿ ಕಡಿಮೆ ಅಂತ ಕಂಡಿತು. ಕೋಟ್ಯಂತರ ವರ್ಷದಲ್ಲಿ ತಿದ್ದಿ ತಿದ್ದಿ ಬಂದ ಬಜೆಟ್ಟು ಅದು.

ಹೆಬ್ಬಾತಿನ ಕಥೆ ಇನ್ನೂ ಚೆನ್ನಾಗಿದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಮೈಸೂರಿನ ಹತ್ತಿರದ ಹದಿನಾರು ಕೆರೆಗೆ ಹೋದರೆ ಪಟ್ಟೆತಲೆ ಹೆಬ್ಬಾತುಗಳು ಸಿಗ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹಕ್ಕಿಗಳೂ ಹದಿನಾರಿನಲ್ಲಿ ಕಂಡಿವೆ. ಹಿಮಾಲಯ ದಾಟಿ ಬರುವ ಹಕ್ಕಿ ಅಂದಕೂಡ್ಲೆ, ಒಂದೇ ಸಲ ಎತ್ತರಕ್ಕೇರಿ ಅಲ್ಲಿಂದ ನೇರ ಹಾರಿ ಬರತ್ತೆ ಅಂತ ನಾವು ಅಂದ್ಕೋತೀವಿ. 2015ರಲ್ಲಿ ಅವುಗಳ ಹೃದಯಬಡಿತ, ರೆಕ್ಕೆಬಡಿತ ದಾಖಲಿಸಿ ನೋಡಿದಾಗ ಹಾಗಿರಲಿಲ್ಲ. ಬೆಟ್ಟ ಏರಿದರೆ ಏರಿ, ಕಣಿವೆ ಬಂದರೆ ಇಳಿದು, ನೆಲದ ಏರಿಳಿತವನ್ನೇ ಹಿಡಿದುಕೊಂಡು ಹಾರ್ತವೆ. ಇಳಿದಮೇಲೆ ಮತ್ತೆ ಏರುವ ಶ್ರಮ ಇದ್ದರೂ, ಮೇಲಿನ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವುದಕ್ಕಿಂತ ಅದು ಅಗ್ಗ. ಇಂಥ ಹಕ್ಕಿಯ ರೆಕ್ಕೆಗೆ ಜನರೇಟರ್ ಕಟ್ಟಿ, ‘ಹೇಗೂ ಹಾರ್ತಿರತ್ತಲ್ಲ’ ಅನ್ನೋದು ಇಎಂಐ ಕಟ್ಟಿ ತಿಂಗಳ ಕೊನೆಗೆ ಎಣಿಸಿ ಎಣಿಸಿ ಖರ್ಚು ಮಾಡುವವನ ಪರ್ಸು ನೋಡಿ ‘ಹೇಗೂ ದುಡ್ಡು ಓಡಾಡ್ತಿದೆಯಲ್ಲ, ನಮಗೂ ಸ್ವಲ್ಪ’ ಅಂದಹಾಗೆ.

ಇದಕ್ಕೊಂದು ಒಳ್ಳೆಯ ಪ್ರತಿವಾದವೂ ಇದೆ. ನಡಿಗೆಯಲ್ಲಿ ಸ್ನಾಯು ಬರೀ ತಳ್ಳುವುದಿಲ್ಲ, ಬ್ರೇಕ್ ಕೂಡ ಹಾಕತ್ತೆ. ಬ್ರೇಕಿನ ಶಕ್ತಿ ಬಿಸಿಯಾಗಿ ಹೋಗತ್ತೆ. ಅದನ್ನಷ್ಟೇ ಹಿಡಿದರೆ ಯಾರಿಗೂ ಭಾರವಿಲ್ಲ, ಎಲೆಕ್ಟ್ರಿಕ್ ಸ್ಕೂಟರ್ ಇಳಿಜಾರಿನಲ್ಲಿ ಬ್ಯಾಟರಿ ತುಂಬಿಕೊಳ್ಳುವ ಹಾಗೆ. 2008ರಲ್ಲಿ ಕೆನಡಾದ ಮ್ಯಾಕ್ಸ್ ಡೊನೆಲನ್ ಮತ್ತು ಸಂಗಡಿಗರು ಮನುಷ್ಯರ ಮೊಣಕಾಲಿಗೆ ಕಟ್ಟುವ ಇಂಥದ್ದೊಂದು ಸಾಧನ ಮಾಡಿದರು. ಎರಡೂ ಕಾಲು ಸೇರಿ ಸುಮಾರು 5 ವ್ಯಾಟ್ ಬಂತು, ನಡೆಯುವವನಿಗೆ ಹೆಚ್ಚುವರಿ ಶ್ರಮ ತೀರಾ ಕಡಿಮೆ. ಒಳ್ಳೆಯ ಕೆಲಸ. ಆದರೆ ಆ ಸಾಧನಕ್ಕೇ ಕಾಲೊಂದಕ್ಕೆ ಒಂದೂವರೆ ಕಿಲೋ ಮೇಲೆ ತೂಕ, ಹೊತ್ತು ನಡೆಯೋದಕ್ಕೂ ಖರ್ಚಿದೆ. ಮತ್ತೆ ಮನುಷ್ಯ ‘ಸಾಕು’ ಅಂತ ಬಿಚ್ಚಿಡಬಹುದು. ಜಿಂಕೆ ಕಾಲಿನ ಗೆಜ್ಜೆ ಬಿಚ್ಚುವವರು ಯಾರು? ಓಟದಲ್ಲಿ ಒಂದು ಗೇಣು ಹಿಂದೆ ಬಿದ್ದರೆ ಸೀಳುನಾಯಿಗೆ ಊಟವಾಗುವ ಪ್ರಾಣಿ ಅದು.

ನಮ್ಮ ಊರುಗಳಲ್ಲಿ ಪ್ರಾಣಿಯ ಬಲ ಬಳಸಿಕೊಳ್ಳದೇ ಇದ್ದವರು ಯಾರೂ ಇಲ್ಲ, ನಾನೇನು ಅಹಿಂಸಾವಾದಿಯೂ ಅಲ್ಲ. ಗಾಣ ಎಳೆದ ಎತ್ತು, ಕಪಿಲೆ ಎಳೆದ ಎತ್ತು, ಜಟಕಾ ಕುದುರೆ. ಆದರೆ ಅಲ್ಲಿ ಯಾರೂ ಸಹಜ ಚಲನೆ ಅಂತ ಹೇಳಿಕೊಳ್ಳಲಿಲ್ಲ. ಎತ್ತಿನ ಹೆಗಲ ಮೇಲೆ ನೊಗ ಕಾಣ್ತಿತ್ತು. ಹಿಂಡಿ, ಹುಲ್ಲು, ನೀರು ಕೊಡುವ ಜವಾಬ್ದಾರಿಯೂ ಅದೇ ಮನೆಯದಾಗಿತ್ತು.

ಕಾಡುಪ್ರಾಣಿಯ ಬಲವನ್ನೇ ಬಳಸಿದ್ದೂ ಉಂಟು. ಮೈಸೂರು ಸಂಸ್ಥಾನದ ಕಾಲುವೆಗಳನ್ನ ನೋಡಿಕೊಳ್ಳೋಕೆ ಬಂದಿದ್ದ ಜಿ.ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ಶುರು ಮಾಡಿದ. ಆಮೇಲೆ ಕಾಕನಕೋಟೆಯದು ಜಗತ್ಪ್ರಸಿದ್ಧವಾಯ್ತು. ಕಾಡಾನೆ ಹಿಂಡನ್ನ ತಮಟೆ, ಬೆಂಕಿ, ಕೂಗಿನಿಂದ ಅಟ್ಟಿ, ನದಿ ದಾಟಿಸಿ, ಮರದ ದಿಮ್ಮಿಗಳ ಆವರಣಕ್ಕೆ ನುಗ್ಗಿಸಿ, ಹಗ್ಗ ಕಟ್ಟಿ ಪಳಗಿಸೋದು. ಪಳಗಿದ ಆನೆ ನಾಟಾ ಎಳೀತು, ಮೆರವಣಿಗೆ ಹೊತ್ತಿತು. ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರ ಕಟ್ಟಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರಲ್ಲ, ಅದರ ಯಂತ್ರಗಳನ್ನ ಅಲ್ಲಿಗೆ ಸಾಗಿಸಿದ್ದರಲ್ಲಿ ಆನೆ, ಕುದುರೆಗಳ ಪಾಲೂ ಇತ್ತು ಅಂತ ಓದಿದ್ದೇನೆ. ಮೂರು ವರ್ಷದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂತು. ಆ ಲೆಕ್ಕದಲ್ಲಿ ನಮ್ಮ ಮೊದಲ ಬೀದಿದೀಪಕ್ಕೆ ಆನೆಯ ಬೆವರು ಸೇರಿದೆ ಅಂತ ಬೇಕಾದರೆ ಹೇಳಬಹುದು. 1971ರಲ್ಲಿ ಕೊನೆಯ ಖೆಡ್ಡಾ ನಡೀತು. ಆ ಜಾಗದ ಒಂದಷ್ಟು ಕಬಿನಿ ಜಲಾಶಯದಲ್ಲಿ ಮುಳುಗಿತು. ಖೆಡ್ಡಾ ಕ್ರೂರ, ವಾಪಸ್ ಬರಬಾರದು. ಆದರೂ ಅದರಲ್ಲೊಂದು ಪ್ರಾಮಾಣಿಕತೆ ಇತ್ತು. ಹಗ್ಗ ಕಣ್ಣಿಗೆ ಕಾಣ್ತಿತ್ತು. ಇವರ ಸ್ಲೈಡಿನಲ್ಲಿ ಹಗ್ಗದ ಜಾಗದಲ್ಲಿ ನೀಲಿ ಬೆಳಕಿದೆ.

ಇಷ್ಟೆಲ್ಲ ಯೋಚಿಸಿ, ಬರೆದು, ಆಫೀಸಿಗೆ ಹೋದಾಗ ನಾನು ಗೆದ್ದವನ ಮುಖ ಹೊತ್ತಿದ್ದೆ. ಕಾಫಿ ಮಷೀನಿನ ಹತ್ತಿರ ಟೆಸ್ಟಿಂಗ್ ಟೀಮಿನ ಹುಡುಗಿ ಸಿಕ್ಕಳು. ಸಕಲೇಶಪುರದ ಕಡೆಯವಳು, ಅವರಪ್ಪನದು ಮೂರೂವರೆ ಎಕರೆ ಕಾಫಿ ತೋಟ.

‘ಸರ್, ಸ್ಲೈಡಲ್ಲಿ ಆನೆ ಕಿವಿ ನೋಡಿದ್ರಾ? ಮೊರದಷ್ಟಗಲ. ಅದು ಆಫ್ರಿಕಾ ಆನೆ.’

ನೋಡಿರಲಿಲ್ಲ. ನಕ್ಕೆ. ಅವಳು ನಗಲಿಲ್ಲ.

‘ಅದಿರ್ಲಿ. ಆನೆ ತುಳಿದ್ರೆ ಟೈಲಿಂದ ಕರೆಂಟು ಬರತ್ತೆ ಅಂದ್ರಲ್ಲ, ಅದ್ರಲ್ಲಿ ಒಂದು ಮೆಸೇಜ್ ಹೋಗತ್ತಾ? ಆನೆ ಇಲ್ಲಿದೆ ಅಂತ ನಮ್ಮಪ್ಪಂಗೆ?’

ನನ್ನ ಲೆಕ್ಕದ ಹಾಳೆ ಜೇಬಲ್ಲೇ ಇತ್ತು. ಒಂದು ಹೆಜ್ಜೆಗೆ 73 ಜೂಲ್. ಹಳ್ಳಿಗೆ ದೀಪ ಹಚ್ಚೋಕೆ ಏನೇನೂ ಅಲ್ಲ. ಒಂದು ಪುಟ್ಟ ರೇಡಿಯೋ ಸಂದೇಶಕ್ಕೆ ಧಾರಾಳ. ಇಡೀ ದಿನ ಆನೆಯಿಂದ ಎಷ್ಟು ಯುನಿಟ್ ಬರತ್ತೆ ಅಂತ ಕೇಳಿದ ನನಗೆ, ಆನೆ ಎಲ್ಲಿದೆ ಅಂತ ಕೇಳುವುದು ಹೊಳೆದಿರಲಿಲ್ಲ.

ಹಾಸನ ಜಿಲ್ಲೆಯ ಸುದ್ದಿ ಓದುವವರಿಗೆ ಬೀಟಮ್ಮ, ಭುವನೇಶ್ವರಿ, ಓಲ್ಡ್ ಬೆಲ್ಟ್ ಅನ್ನುವ ಹೆಸರುಗಳು ಗೊತ್ತಿರತ್ತೆ. ಆನೆ ಗುಂಪುಗಳ ಹೆಸರು. ಗುಂಪಿನ ಒಂದು ಆನೆಯ ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿ, ಅದು ಎಲ್ಲಿದೆ ಅಂತ ತಿಳಿದು, ಅರಣ್ಯ ಇಲಾಖೆ ಸುತ್ತಲಿನ ಜನಕ್ಕೆ ಮೆಸೇಜ್ ಕಳಿಸತ್ತೆ. ಬೆಳಿಗ್ಗೆ ಆ ಮೆಸೇಜ್ ನೋಡಿಕೊಂಡು ಅವರಪ್ಪ ತೋಟಕ್ಕೆ ಆಳು ಕರೆಯಬೇಕೋ ಬೇಡವೋ ಅಂತ ತೀರ್ಮಾನ ಮಾಡ್ತಾರೆ. ಮಕ್ಕಳನ್ನ ಸ್ಕೂಲಿಗೆ ಯಾವ ದಾರಿಯಲ್ಲಿ ಕಳಿಸೋದು ಅನ್ನೋದೂ ಅದರ ಮೇಲೇ.

ನೆಲದಲ್ಲಿ ಹೂಳುವ ಸೆನ್ಸರ್ ಆದರೆ ಅದಕ್ಕೆ ಆನೆಯ ಕರೆಂಟೂ ಬೇಕಿಲ್ಲ, ಒಂದು ಬ್ಯಾಟರಿ ಸಾಕು. ಮುಗಿದರೆ ಯಾರಾದ್ರೂ ಹೋಗಿ ಬದಲಾಯಿಸ್ತಾರೆ. ಹೋಗಿ ಬದಲಾಯಿಸೋಕೆ ಆಗದ ಬ್ಯಾಟರಿ ಅಂದ್ರೆ ಆನೆಯ ಕುತ್ತಿಗೆಯಲ್ಲಿರೋದು. ಕೆಲವು ವರ್ಷಕ್ಕೆ ಅದು ಸಾಯತ್ತೆ. ಮತ್ತೆ ಸಾಕಾನೆಗಳನ್ನ ಲಾರಿಯಲ್ಲಿ ತರಬೇಕು, ಹಿಂಡು ಹುಡುಕಬೇಕು, ಅರಿವಳಿಕೆ ಚುಚ್ಚಬೇಕು, ಬಿದ್ದ ಆನೆಗೆ ಹೊಸ ಕಾಲರ್ ಕಟ್ಟಬೇಕು. ಇದರ ಬೆಲೆ ಗೊತ್ತಾಗಬೇಕು ಅಂದ್ರೆ ಒಂದು ಹೆಸರು ಸಾಕು. ಮೈಸೂರು ದಸರಾದಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿದು ಕಾಲರ್ ಹಾಕುವ ಕಾರ್ಯಾಚರಣೆಯಲ್ಲೇ, ಒಂದು ಸಲಗದ ಜೊತೆ ಕಾದಾಡಿ ಸತ್ತ. ‘ನಮ್ಮ ಮನೆಯಿಂದ ದೂರ ಏನಿಲ್ಲ ಸರ್. ಅವತ್ತು ಊರಲ್ಲಿ ಯಾರೂ ಊಟ ಮಾಡ್ಲಿಲ್ಲ’ ಅಂದಳು.

ಪ್ರಾಣಿಯ ಚಲನೆಯಿಂದ ವಿದ್ಯುತ್ ಪಡೆಯುವ ಕೆಲಸಕ್ಕೆ ಅರ್ಥವಿದ್ದರೆ ಅದು ಇಲ್ಲಿ ಮಾತ್ರ. ಮತ್ತು ಅದನ್ನ ಮಾಡಿದವರೂ ಇದ್ದಾರೆ. 2023ರಲ್ಲಿ ಡೆನ್ಮಾರ್ಕ್, ಜರ್ಮನಿಯ ಸಂಶೋಧಕರು ಕೈನಫಾಕ್ಸ್ ಅನ್ನುವ ಕಾಲರಿನ ವಿವರ ಪ್ರಕಟಿಸಿದರು. ಕೀ ಕೊಡದೇ ಕೈಯ ಅಲುಗಾಟಕ್ಕೇ ನಡೆಯುವ ಗಡಿಯಾರಗಳಿದ್ದವಲ್ಲ, ಆ ಜಾತಿಯ ಪುಟ್ಟ ಜನರೇಟರು ಅದರಲ್ಲಿದೆ. ಸಾಕುನಾಯಿಗಳು, ಒಂದು ಕುದುರೆಮರಿಯಂಥ ಪೋನಿ, ಒಂದು ಯುರೋಪಿನ ಕಾಡುಕೋಣ, ಇವುಗಳ ಮೇಲೆ ಪರೀಕ್ಷೆ ಮಾಡಿದರು. ಸಿಕ್ಕಿದ್ದೆಷ್ಟು ಗೊತ್ತಾ? ಹೆಚ್ಚೆಂದರೆ ದಿನಕ್ಕೆ 10 ಜೂಲ್ ಹತ್ತಿರ. ನನ್ನ ಫೋನಿಗೆ ಅದನ್ನ ತುಂಬಿಸ್ತಾ ಹೋದರೆ ಒಂದು ಚಾರ್ಜಿಗೆ ಹದಿನೈದು ವರ್ಷ ಬೇಕು. ಆದರೆ ‘ನಾನು ಇಲ್ಲಿದ್ದೇನೆ’ ಅಂತ ಆಗಾಗ ಒಂದು ಮಾತು ಕಳಿಸೋಕೆ ಅಷ್ಟು ಸಾಕಾಗತ್ತೆ, ಪ್ರಾಣಿ ಬದುಕಿರುವವರೆಗೂ ಕಳಿಸ್ತಿರಬಹುದು ಅನ್ನೋದು ಅವರ ಆಸೆ. ನಿಧಾನಕ್ಕೆ ನಡೆಯುವ ದೊಡ್ಡ ಪ್ರಾಣಿಯ ಕುತ್ತಿಗೆ ನಾಯಿಯಷ್ಟು ಅಲುಗಾಡಲ್ಲ, ಆನೆಗೆ ಇದು ಒಗ್ಗಬೇಕಾದರೆ ಕೆಲಸ ಬೇಕಾದಷ್ಟಿದೆ. ಮೂರು ತಿಂಗಳ ಬಿಡುವು, ಒಂದಿಷ್ಟು ದುಡ್ಡು ಇಂಥದ್ದಕ್ಕೆ ಖರ್ಚಾಗಬಹುದಿತ್ತಲ್ಲ ಅಂತ ನನಗೆ ಹೊಟ್ಟೆ ಉರಿದದ್ದು ಆಗ.

ಬೆಲೆಯ ಇನ್ನೊಂದು ಬದಿಯೂ ಇದೆ. ಆನೆಯಿಂದ ಕರೆಂಟು ತರುವ ಕನಸು ಕಾಣುವ ಈ ದೇಶದಲ್ಲಿ ಆನೆಗಳ ಅಸಹಜ ಸಾವಿಗೆ ಅತಿ ದೊಡ್ಡ ಕಾರಣ ಕರೆಂಟೇ. ಜೋತುಬಿದ್ದ ತಂತಿ, ಬೇಲಿಗೆ ಕದ್ದು ಕೊಟ್ಟ ಲೈನು. ದಸರಾಕ್ಕೆ ಬರ್ತಿದ್ದ ಅಶ್ವತ್ಥಾಮ 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆ ಶಿಬಿರದ ಹತ್ತಿರ ಸತ್ತಿದ್ದು ವಿದ್ಯುತ್ ಆಘಾತದಿಂದ. ಹನ್ನೆರಡು ಸ್ಲೈಡಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ನಾನೂ ಕೇಳಲಿಲ್ಲ.

ಇಷ್ಟನ್ನೂ ಎರಡು ಪುಟಕ್ಕೆ ಇಳಿಸಿ, ನನ್ನ ಮಾರ್ಕ್ಸ್ ಒಂಬತ್ತರಿಂದ ಮೂರಕ್ಕೆ ಇಳಿಸ್ತೀನಿ ಅಂತ ಸಮಿತಿಗೆ ಮೇಲ್ ಹಾಕಿದೆ. ಫಲಿತಾಂಶ ಆಗಲೇ ಪ್ರಕಟವಾಗಿದೆ, ಇನ್ನು ಬದಲಾಯಿಸೋಕಾಗಲ್ಲ ಅಂತ ಉತ್ತರ ಬಂತು. ನ್ಯಾಯವೇ. ಟೀಮ್ ಲೀಡ್‌ಗೂ ಒಂದು ಪ್ರತಿ ಕಳಿಸಿದ್ದೆ. ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಒಂದೇ ಸಾಲು: ‘ನೀವೇ ಒಂಬತ್ತು ಕೊಟ್ಟಿದ್ರಲ್ಲ ಸರ್.’ ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಈ ಬರಹವನ್ನೇ ಉತ್ತರ ಅಂತ ಅವನು ತಗೋಬೇಕು.

ಶನಿವಾರ ಬೆಳಿಗ್ಗೆ ಅವನನ್ನ ಕೆರೆಗೆ ಕರೆದೆ. ಯಲಹಂಕದ್ದಲ್ಲ, ಜೆ.ಪಿ. ನಗರದ್ದು ಅಂತ ಲೊಕೇಶನ್ ಕಳಿಸಿದೆ. ಬಂದ. ಮುಖ ಬಿಗಿದುಕೊಂಡೇ ಇದ್ದ. ಒಂದು ಸುತ್ತು ಮಾತಿಲ್ಲದೆ ನಡೆದೆವು. ಎರಡನೇ ಸುತ್ತಿನಲ್ಲಿ ಒಂದು ನಾಮದ ಕೋಳಿ ನಾಯಿಗೆ ಹೆದರಿ ನೀರಿನ ಮೇಲೆ ಓಡಿ ಎದ್ದಿತು. ‘ಇಷ್ಟೊಂದು ಕಷ್ಟಪಡತ್ತಾ ಇದು?’ ಅಂದ. ಮಸಾಲೆ ದೋಸೆ ತಿನ್ನುವ ಹೊತ್ತಿಗೆ ಟೆಸ್ಟಿಂಗ್ ಟೀಮಿನ ಹುಡುಗಿಯ ನಂಬರ್ ಕೇಳಿದ. ಅವರಪ್ಪನ ಹತ್ತಿರ ಮಾತಾಡಬೇಕಂತೆ.

ಈಗ ಅವರ ಡೆಕ್ ಒಂಬತ್ತು ಸ್ಲೈಡಿಗೆ ಇಳಿದಿದೆ. ಕೆರೆ ಇಲ್ಲ, ಜಿಂಕೆಯ ಗೆಜ್ಜೆ ಇಲ್ಲ, ದೀಪ ಉರಿಯುವ ಹಳ್ಳಿ ಇಲ್ಲ. ಕಾಲರಿನ ಒಂದು ಚಿತ್ರ ಬಂದಿದೆ. ನಾಲ್ಕನೇ ಸ್ಲೈಡಿನ ಆನೆ ಮಾತ್ರ ಇನ್ನೂ ಆಫ್ರಿಕಾದ್ದೇ.